ಅಜ್ಜಿಯ ಕೈಗೆಟುಕುವ ತೋಟ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಸಿಗುವ ಒಂದು ಬಡಾವಣೆ. ಅಕ್ಕಪಕ್ಕದ ಮನೆಗಳ ಕಾಂಪೌಂಡು ಆಳೆತ್ತರ ದಾಟಿದೆ. ಈ ಮನೆಯದು ಸೊಂಟದ ಮಟ್ಟಕ್ಕೆ ನಿಂತಿದೆ. ಗೇಟು ತೆರೆದು ಏಳೆಂಟು ಹೆಜ್ಜೆ ಹಾಕಿದರೆ ಪೂರ್ವಕ್ಕೆ ಮುಖಮಾಡಿದ ಜಗಲಿ, ಎಂಟಡಿ ಅಗಲ, ಮನೆಯ ಮುಂಭಾಗದಷ್ಟೂ ಉದ್ದ. ಅದರ ಹೊರ ಅಂಚಿನಲ್ಲಿ ದ್ರಾಕ್ಷಿ ತೋಟಗಳಲ್ಲಿ ನೆಡುತ್ತಾರಲ್ಲ, ಅಂಥ ಕಲ್ಲುಕೂಚಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ತಂತಿ ಎಳೆದು ಚಪ್ಪರದವರೆ ಹಬ್ಬಿಸಿದ್ದಾರೆ. ಸೆಪ್ಟೆಂಬರಿನ ಬೆಳಗು. ರಾತ್ರಿಯೆಲ್ಲ ಸುರಿದ ಮಳೆ ನಿಂತಿದ್ದರೂ ಚಪ್ಪರದಿಂದ ಹನಿ ಬೀಳುವುದು ನಿಂತಿಲ್ಲ. ನೇರಳೆ ಹೂಗೊಂಚಲುಗಳ ನಡುವೆ ಒಂದು ಸೂರಕ್ಕಿ ನೇತಾಡುತ್ತ ಏನನ್ನೋ ಹುಡುಕುತ್ತಿದೆ.

ಜಗಲಿಯ ತೆಂಕಣ ತುದಿಯಲ್ಲಿ ಅಜ್ಜಿ ನಿಂತು ಸೊಪ್ಪು ಬಿಡಿಸುತ್ತಿದ್ದಾರೆ. ಎಂಬತ್ತು ದಾಟಿದ ಜೀವ, ಮಂಡಿನೋವು, ಬಗ್ಗಿದರೆ ಏಳುವುದು ಕಷ್ಟ. ಆದರೆ ಅವರು ಬಗ್ಗಿಲ್ಲ. ಹೊನಗೊನ್ನೆ, ದಂಟು, ಒಂದೆಲಗಗಳೆಲ್ಲ ಬೆಳೆದಿರುವುದು ನೆಲದಲ್ಲಲ್ಲ, ಚಪ್ಪಡಿ ಕಲ್ಲುಗಳನ್ನು ಅಂಚುಗಟ್ಟಿ ನಿಲ್ಲಿಸಿ ಮಣ್ಣು ತುಂಬಿದ ಎರಡೂವರೆ ಅಡಿ ಎತ್ತರದ ತೊಟ್ಟಿಗಳಲ್ಲಿ. ಕಲ್ಲಿನ ಅಂಚು ಒಂದಡಿ ಅಗಲವಿದೆ. ನಿಂತು ಸಾಕಾದರೆ ಅಲ್ಲೇ ಕುಳಿತುಕೊಳ್ಳಬಹುದು. ಅವರ ಮರಿಮಗಳು, ಐದು ವರ್ಷದವಳು, ಪಕ್ಕದ ತಗ್ಗು ತೊಟ್ಟಿಯಲ್ಲಿ ಮಣ್ಣು ಕೆದಕುತ್ತಿದ್ದಾಳೆ. ಅದರ ಎತ್ತರ ಒಂದಡಿ ಮಾತ್ರ.

“ದೊಡ್ಡಜ್ಜೀ, ಎರೆಹುಳ!”

“ಇರ್ಲಿ ಬಿಡಮ್ಮ, ಅದರ ಮನೆ ಅದು. ಮೇಲೆ ಮಣ್ಣು ಮುಚ್ಚು.”

ಈ ಎರಡು ಎತ್ತರಗಳೇ ನನ್ನನ್ನು ಈ ಮನೆಗೆ ಮತ್ತೆ ಮತ್ತೆ ಕರೆತಂದಿವೆ. ನಾಲ್ಕು ತಲೆಮಾರು ಒಂದೇ ಸೂರಿನಡಿ ಇರಬೇಕೆಂದು ಕಟ್ಟಿದ ಮನೆ ಇದು. ಹಾಗೆ ಕಟ್ಟುವಾಗ ಕೋಣೆಗಳ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಯಾರ ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂದು ಅಳೆಯುವವರು ಅಪರೂಪ. ಹಿರಿಯರಿಗೊಂದು ಒಳ್ಳೆಯ ಕೋಣೆ, ಟೀವಿ, ಕರೆಗಂಟೆ ಕೊಟ್ಟು ಸುಮ್ಮನಾದರೆ ಅವರು ಆ ಮನೆಯಲ್ಲಿ ಅತಿಥಿಗಳಾಗಿಬಿಡುತ್ತಾರೆ. ದಿನಕ್ಕೊಂದು ಹಿಡಿ ಸೊಪ್ಪನ್ನು ತಾವೇ ಕಿತ್ತು ಅಡುಗೆಮನೆಗೆ ಕೊಡಬಲ್ಲವರಾದರೆ ಮನೆಯವರಾಗಿಯೇ ಉಳಿಯುತ್ತಾರೆ. ತೋಟದ ಮನೆಯ ವಿನ್ಯಾಸ ಶುರುವಾಗಬೇಕಾದ್ದು ಇಲ್ಲಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸೈಟು ಬೆಂಗಳೂರಿನಲ್ಲಿ ಎಲ್ಲರೂ ಬಲ್ಲ ಅಳತೆಯದು, ನಲವತ್ತು-ಅರವತ್ತು. ಒಟ್ಟು 2,400 ಚದರಡಿಯಲ್ಲಿ ಜಗಲಿಯೂ ಸೇರಿ ಮನೆ ಹಿಡಿದಿರುವುದು ಸುಮಾರು 1,100. ಉಳಿದದ್ದೆಲ್ಲ ಮಣ್ಣು ಕಾಣುವ ನೆಲ. ಕಾರಿನ ಎರಡು ಗಾಲಿ ಹಾಯುವಷ್ಟು ಜಾಗಕ್ಕೆ ಮಾತ್ರ ಕಲ್ಲು ಹಾಸಿದ್ದಾರೆ, ನಡುವೆ ಗರಿಕೆ. ಪೂರ್ವಕ್ಕೆ ಹದಿನೈದು ಅಡಿ, ದಕ್ಷಿಣಕ್ಕೆ ಒಂಬತ್ತು ಅಡಿ ತೋಟಕ್ಕೆ ಸಿಕ್ಕಿದೆ. ಪಡುವಣ ಮಗ್ಗುಲಿಗೆ ಬಚ್ಚಲು, ಮೆಟ್ಟಿಲು, ಸಾಮಾನು ಕೋಣೆಗಳನ್ನು ತಳ್ಳಿದ್ದಾರೆ. ಬೆಂಗಳೂರಿನಲ್ಲಿ ಮನೆಯನ್ನು ಕಾಯಿಸುವುದು ಮಧ್ಯಾಹ್ನ ಮೂರರ ಪಡುವಣ ಬಿಸಿಲು. ಅದನ್ನು ತಡೆಯಲು ಮಲಗುವ ಕೋಣೆಗಿಂತ ಬಚ್ಚಲ ಗೋಡೆ ವಾಸಿ. ನೈಋತ್ಯ ಮೂಲೆಯಲ್ಲಿ ಮೊದಲೇ ಒಂದು ಹೊಂಗೆ ಮರವಿತ್ತು. ಅದನ್ನು ಉಳಿಸಲು ಕಟ್ಟಡದ ಆ ಮೂಲೆಯನ್ನು ಒಳಕ್ಕೆ ಎಳೆದುಕೊಂಡರು. ಬೇಸಿಗೆ ಬಲಿಯುವ ಹೊತ್ತಿಗೆ ಹೊಂಗೆ ಹಳೆ ಎಲೆ ಉದುರಿಸಿ ಹೊಸ ತಳಿರು ತುಂಬಿಕೊಂಡಿರುತ್ತದೆ. ಅದರ ನೆರಳಿನಲ್ಲಿ ಮೆಟ್ಟಿಲ ಗೋಡೆ ಮೇ ತಿಂಗಳಲ್ಲೂ ಕೈಗೆ ತಣ್ಣಗೆ ತಾಗುತ್ತದೆ.

ಗೋಡೆಗಳ ಬಣ್ಣ ಕೆಮ್ಮಣ್ಣಿನದೇ, ಮೇಲೆ ಗಾರೆಯಿಲ್ಲ. ಸಂಪಿಗೆಂದು ಅಗೆದಾಗ ಬಂದ ಮಣ್ಣಿನಲ್ಲಿ ಮೇಲಿನ ಪದರವನ್ನು ತೋಟಕ್ಕೆಂದು ಬೇರೆ ರಾಶಿ ಹಾಕಿದರು. ಗಿಡಕ್ಕೆ ಬೇಕಾದ ಸಾರವೆಲ್ಲ ಅದರಲ್ಲೇ ಇರುವುದು, ಇಟ್ಟಿಗೆಗೆ ಆ ಮಣ್ಣು ಆಗಿಬರುವುದಿಲ್ಲ. ಕೆಳಗಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಕಲ್ಲುಪುಡಿ ಮತ್ತು ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರು. ಗೂಡಿನಲ್ಲಿ ಸುಡುವ ಕೆಲಸವಿಲ್ಲ, ಸೌದೆಯ ಖರ್ಚೂ ಇಲ್ಲ. ಒತ್ತು ಮಣ್ಣಿಟ್ಟಿಗೆಯ ಈ ವಿದ್ಯೆಯನ್ನು ನಮ್ಮಲ್ಲಿ ಶಾಸ್ತ್ರೀಯವಾಗಿ ಬೆಳೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ. ಕೆ.ಎಸ್. ಜಗದೀಶ್ ಅವರಂಥವರು ಅಲ್ಲಿ ವರ್ಷಗಟ್ಟಲೆ ಮಣ್ಣನ್ನು ಒತ್ತಿ, ನೆನೆಸಿ, ಮುರಿದು ಪರೀಕ್ಷಿಸಿದ ಫಲವಾಗಿಯೇ ಇಂದು ಬೆಂಗಳೂರಿನಲ್ಲಿ ಮಣ್ಣಿನ ಮಹಡಿ ಮನೆಗಳು ನಿರ್ಭಯವಾಗಿ ನಿಂತಿವೆ. ಅವರಿಗೆ ಈ ಊರು ಸಲ್ಲಿಸಿರುವ ಗೌರವ ಸಾಲದು.

ಅಜ್ಜಿಯ ಕೋಣೆಯಲ್ಲಿ ಅಂಗಾತ ಮಲಗಿದರೆ ಸೂರಿನಲ್ಲಿ ಮಂಗಳೂರು ಹೆಂಚಿನ ಸಾಲುಗಳು ಕಾಣುತ್ತವೆ. ಅದು ಹೆಂಚಿನ ಮಾಡಲ್ಲ, ಮಹಡಿಯನ್ನು ಹೊತ್ತ ಕಾಂಕ್ರೀಟು ಹಾಸೇ. ಕಾಂಕ್ರೀಟು ಹಾಕುವಾಗ ಕಂಬಿಗಳ ನಡುವೆ, ಭಾರ ಹೊರುವ ಕೆಲಸವಿಲ್ಲದ ಕೆಳಭಾಗದಲ್ಲಿ ಹೆಂಚನ್ನು ಹುದುಗಿಸಿದ್ದಾರೆ. ಅಷ್ಟರಮಟ್ಟಿಗೆ ಸಿಮೆಂಟು ಉಳಿಯಿತು, ಸೂರಿನ ಭಾರವೂ ತಗ್ಗಿತು. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಬಡವರ ಮನೆಗಳಿಗೆ ಬಳಸಿ ತೋರಿಸಿದ್ದರು. ಅಜ್ಜಿಗೆ ಇವೆಲ್ಲ ಬೇಕಿಲ್ಲ. “ನಿದ್ದೆ ಬರದಿದ್ರೆ ಹೆಂಚು ಎಣಿಸ್ತೀನಿ” ಎನ್ನುತ್ತಾರೆ.

ಆ ಕೋಣೆಗೆ ಎರಡು ಬಾಗಿಲು. ಒಂದು ಪಡಸಾಲೆಗೆ, ಇನ್ನೊಂದು ನೇರ ಜಗಲಿಗೆ. ನಸುಕಿನ ನಾಲ್ಕಕ್ಕೇ ಏಳುವ ಅವರು ಯಾರನ್ನೂ ಎಬ್ಬಿಸದೆ ಹೊರಗೆ ಬರಬಲ್ಲರು. ಬಚ್ಚಲು ಕೋಣೆಗೇ ಅಂಟಿಕೊಂಡಿದೆ. ಬಾಗಿಲು ಮೂರಡಿ ಅಗಲ, ನೆಲಕ್ಕೆ ಒರಟು ಕಲ್ಲು, ಗೋಡೆಗೆ ಹಿಡಿಕೆ, ಸ್ನಾನಕ್ಕೆ ಕೂರಲು ಕಟ್ಟೆ. ಎಲ್ಲಿಯೂ ಎಡವುವ ಅಂಚಿಲ್ಲ. ಮುಂಬಾಗಿಲ ವಿಷಯದಲ್ಲಿ ಮಾತ್ರ ಒಂದು ಜಗ್ಗಾಟ ನಡೆಯಿತು. ಹೊಸಿಲಿಲ್ಲದ ಮನೆಗೆ ಅಜ್ಜಿ ಒಪ್ಪಲಿಲ್ಲ, ಅರಿಶಿನ ಕುಂಕುಮ ಹಚ್ಚುವುದೆಲ್ಲಿಗೆ? ಎದ್ದುನಿಂತ ಹೊಸಿಲಿಗೆ ವಾಸ್ತುಶಿಲ್ಪಿ ಒಪ್ಪಲಿಲ್ಲ, ನಾಳೆ ಗಾಲಿಕುರ್ಚಿ ಬಂದರೆ? ಕೊನೆಗೆ ಹೊನ್ನೆ ಮರದ ಹೊಸಿಲನ್ನು ನೆಲದ ಮಟ್ಟಕ್ಕೇ ಹೂತು ಕೂರಿಸಿದರು. ಪ್ರತಿ ಶುಕ್ರವಾರ ಅದಕ್ಕೆ ರಂಗೋಲಿ ಬೀಳುತ್ತದೆ, ಯಾರ ಕಾಲಿಗೂ ತಾಗುವುದಿಲ್ಲ.

ಜಗಲಿ ತೋಟದ ನೆಲಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿದೆ. ಮುಂದೆ ಮೂರು ಮೆಟ್ಟಿಲುಗಳಿವೆ. ಮಗ್ಗುಲಲ್ಲಿ ಹದಿನೆಂಟು ಅಡಿ ಉದ್ದದ ಇಳಿಜಾರು. ಒಂದಡಿ ಏರಲು ಹನ್ನೆರಡಡಿ ನಡೆ ಇರಬೇಕೆಂಬುದು ಲೆಕ್ಕ. ಅದರ ಎರಡು ಬದಿಗೂ ಕನಕಾಂಬರ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಬೆಳೆದು ಅದೊಂದು ತೋಟದ ಕಾಲುದಾರಿಯೆಂದೇ ಎಲ್ಲರೂ ತಿಳಿಯುತ್ತಾರೆ. ಅಜ್ಜಿ ಅದರಲ್ಲಿ ಇಳಿಯುತ್ತಾರೆ, ಮರಿಮಗಳ ಮೂರು ಗಾಲಿಯ ಸೈಕಲ್ಲು ಅದರಲ್ಲೇ ಹಾರಿ ಬರುತ್ತದೆ, ಗ್ಯಾಸ್ ಸಿಲಿಂಡರಿನವನು ಅದರಲ್ಲೇ ಉರುಳಿಸಿಕೊಂಡು ಹೋಗುತ್ತಾನೆ. ಮುದುಕರಿಗೆಂದು ಮಾಡಿದ್ದು ಎಲ್ಲರಿಗೂ ಒದಗಿದಾಗ ಅದನ್ನು ಬಳಸಲು ಮುದುಕರಿಗೆ ಸಂಕೋಚವಿರುವುದಿಲ್ಲ.

ಹಳೆಯ ತೊಟ್ಟಿ ಮನೆಗಳ ಬಗ್ಗೆ ನಾವು ಬಹಳ ಪ್ರೀತಿಯಿಂದ ಮಾತಾಡುತ್ತೇವೆ. ಅವುಗಳ ಅಂಗಳಕ್ಕೆ ಇಳಿಯುವ ಬೆಳಕು, ಕಂಬಗಳ ಸಾಲು, ಹಿರಿಯರು ಕೂರುವ ಜಗಲಿ, ಎಲ್ಲವೂ ನಿಜವೇ. ಆದರೆ ಆ ಮನೆಗಳ ಸೊಸೆಯಂದಿರು ಬಾಳಿದ್ದೆಲ್ಲಿ? ಹೊಗೆ ಹಿಡಿದ, ಒಂದೇ ಗವಾಕ್ಷಿಯ ಹಿಂಬದಿಯ ಅಡುಗೆಮನೆಯಲ್ಲಿ. ಕೂಡುಕುಟುಂಬದ ಸೊಗಸನ್ನು ಹೊಗಳುವಾಗ ಆ ಕತ್ತಲೆಯನ್ನು ಮರೆಯುವುದು ನ್ಯಾಯವಲ್ಲ. ಈ ಮನೆಯ ಯಜಮಾನತಿ, ಅಜ್ಜಿಯ ಸೊಸೆ, ಶಾಲಾ ಶಿಕ್ಷಕಿ. ನಕ್ಷೆ ಬರೆಯುವ ಮೊದಲು ವಾಸ್ತುಶಿಲ್ಪಿ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಬೆಳಿಗ್ಗೆ ಹತ್ತಕ್ಕೆ ನೀವು ಎಲ್ಲಿ ಇರಲು ಇಷ್ಟಪಡುತ್ತೀರಿ ಎಂದು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಅಡುಗೆಮನೆ ಮುಂದೆ ಬರ್ಲಿ. ನಾನೂ ಗೇಟು ನೋಡ್ಬೇಕು.” ಹಾಗಾಗಿ ಅಡುಗೆಮನೆ ಆಗ್ನೇಯದಲ್ಲಿದೆ, ಜಗಲಿಗೆ ತೆರೆದುಕೊಳ್ಳುತ್ತದೆ. ಕಟ್ಟೆಯ ಮುಂದಿನ ಕಿಟಕಿ ಆರಡಿ ಅಗಲ. ಸೊಪ್ಪಿನ ತೊಟ್ಟಿಯಿಂದ ಅಜ್ಜಿ ಚಾಚಿದ ಕೈ ಕಿಟಕಿಯ ಅಂಚಿಗೆ ಮುಟ್ಟುತ್ತದೆ, ಒಳಗಿನಿಂದ ಸೊಸೆಯ ಕೈ ಅದನ್ನು ಎತ್ತಿಕೊಳ್ಳುತ್ತದೆ.

“ಅತ್ತೆ, ಇವತ್ತು ಬಸ್ಸಾರಿಗೆ ಸಾಲುತ್ತಾ?”

“ಸಾಲ್ತದೆ. ಕಾಳು ಸ್ವಲ್ಪ ಜಾಸ್ತಿ ಹಾಕು.”

ಒಟ್ಟಿಗಿರುವುದಕ್ಕೆ ಬೇರೆಯಾಗಿರುವ ಜಾಗವೂ ಬೇಕು. ಯಜಮಾನತಿಯ ಮಗಳು, ಅಳಿಯ ಇರುವುದು ಮಹಡಿಯಲ್ಲಿ. ಅವರ ಮೆಟ್ಟಿಲು ಪಡಸಾಲೆಯ ನಡುವಿನಿಂದ ಏರುವುದಿಲ್ಲ, ಹೊಂಗೆಯ ಬದಿಯಿಂದ ಏರುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವ ಅಳಿಯ ಎಲ್ಲರನ್ನೂ ದಾಟಿಕೊಂಡು ಹೋಗಬೇಕಿಲ್ಲ. ಮೇಲೊಂದು ಚಿಕ್ಕ ಒಲೆ ಇದೆ. ದಿನಾ ಉರಿಯುವುದಿಲ್ಲ, ಆದರೆ ಬೇಕೆನಿಸಿದ ದಿನ ಯಾರನ್ನೂ ಕೇಳದೆ ಉರಿಸಬಹುದು. ಅಜ್ಜಿಯ ಕೋಣೆಯ ನೇರ ಮೇಲೆ ಪುಸ್ತಕದ ಕೋಣೆ ಇಟ್ಟು, ಮಗು ಓಡಾಡುವ ಜಾಗವನ್ನು ಅಡುಗೆಮನೆಯ ಮೇಲೆ ಇಟ್ಟಿದ್ದಾರೆ. ಇಂಥ ಸಣ್ಣ ಎಚ್ಚರಗಳು ಎಷ್ಟೋ ಮನಸ್ತಾಪಗಳನ್ನು ಹುಟ್ಟುವ ಮೊದಲೇ ತಡೆಯುತ್ತವೆ. ಕೂಡಿ ಬಾಳಲು ಹೊರಟ ಎಷ್ಟೋ ಕುಟುಂಬಗಳು ಪ್ರೀತಿ ಸಾಲದೆ ಒಡೆಯುವುದಿಲ್ಲ, ಒಂದು ಬಾಗಿಲು ಕಡಿಮೆಯಾಗಿ ಒಡೆಯುತ್ತವೆ.

ಈಗ ನೀರಿನ ಮಾತು. ಈ ಮನೆಯ ನಿಜವಾದ ಯಜಮಾನ ಅದೇ.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಮನೆಯ ತಾರಸಿ ಸುಮಾರು ನೂರು ಚದರ ಮೀಟರ್. ಆವಿಯಾದದ್ದು, ಹರಿದುಹೋದದ್ದು ಕಳೆದರೂ ವರ್ಷಕ್ಕೆ ಮುಕ್ಕಾಲು ಲಕ್ಷ ಲೀಟರಿಗೆ ಮೋಸವಿಲ್ಲ. ಆರು ಜನರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ ವರ್ಷಕ್ಕೆ ಬೇಕಾದದ್ದು ಸುಮಾರು ಮೂರು ಲಕ್ಷ. ಅಂದರೆ ಮಳೆ ಕೊಡುವುದು ಕಾಲುಭಾಗ. ಮಳೆಕೊಯ್ಲು ಒಂದಿದ್ದರೆ ಎಲ್ಲ ನೀಗುತ್ತದೆ ಎಂದು ಹೇಳುವವರು ಈ ಗುಣಾಕಾರ ಮಾಡಿ ನೋಡಬೇಕು. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಿಂದ ಜಲಮಂಡಳಿಯ ನಲ್ಲಿಯಿಲ್ಲದೆ ಮಳೆನೀರಿನಲ್ಲೇ ಮನೆ ನಡೆಸಿ ತೋರಿಸಿದ್ದಾರೆ. ಅದು ಸಾಧ್ಯವಾದದ್ದು ಹಿಡಿಯುವುದರಿಂದ ಮಾತ್ರವಲ್ಲ, ಬಳಸಿದ್ದನ್ನು ಮತ್ತೆ ಬಳಸುವ, ಕಡಿಮೆ ಬಳಸುವ ಶಿಸ್ತಿನಿಂದ. 2009ರಲ್ಲಿ ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯವಾಯಿತು. ಕೊಳವೆ ಹಾಕಿಸಿ ರಸೀದಿ ಪಡೆದವರು ಬಹಳ. ಸೋಸುಕವನ್ನು ಮಳೆಗಾಲಕ್ಕೆ ಮುಂಚೆ ತೊಳೆಯುವವರು ಕಡಿಮೆ.

ಇಲ್ಲಿ ತೊಳೆಯುವುದು ಮನೆಯ ಯಜಮಾನರ ಕೆಲಸ. ಕಾರ್ಖಾನೆಯಿಂದ ನಿವೃತ್ತರಾದವರು, ಕೈಗೆ ಕೆಲಸ ಬೇಕು. ಸೋಸುಕ ಎದೆಯೆತ್ತರದಲ್ಲಿದೆ, ಏಣಿ ಬೇಡ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ತಿರುಪು ಮಗುವಿನ ಪಾಲಿಗೆ ಬಿಟ್ಟದ್ದು. ಮಳೆ ಶುರುವಾದರೆ ಅವಳು ಛತ್ರಿ ಹಿಡಿದು ಓಡುತ್ತಾಳೆ. ಸಂಪು ತುಂಬಿ ಉಕ್ಕಿದ ನೀರು ಈಶಾನ್ಯದ ಬಾವಿಗೆ ಇಳಿಯುತ್ತದೆ. ಬಾವಿ ತೋಡಿದವರು ಮಣ್ಣು ವಡ್ಡರು. ಇಪ್ಪತ್ತೈದು ಅಡಿ ಇಳಿದು, ಉಂಗುರದ ಮೇಲೆ ಉಂಗುರ ಕೂರಿಸಿ, ಒಂದೇ ವಾರದಲ್ಲಿ ಮುಗಿಸಿದರು. ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ನೀರು ಇಂಗುತ್ತದೆಂದು ಹೇಳಬಲ್ಲ ಕುಲಕಸುಬಿನ ಈ ಜನರನ್ನು ಕೊಳವೆಬಾವಿ ಬಂದ ಮೇಲೆ ನಗರ ಮರೆತಿತ್ತು. ಈಗ ಬಯೋಮ್‌ನಂಥ ಸಂಸ್ಥೆಗಳು ನಡೆಸುತ್ತಿರುವ ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನದಿಂದ ಮತ್ತೆ ಅವರಿಗೆ ಕರೆ ಬರುತ್ತಿದೆ. ಬಾವಿಗೆ ಮೂರಡಿ ಕಟ್ಟೆ, ಮೇಲೆ ಬೀಗ ಹಾಕಿದ ಕಬ್ಬಿಣದ ಜಾಲರಿ. 2024ರ ಬೇಸಿಗೆಯಲ್ಲಿ ಬಡಾವಣೆಯ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದಾಗ ಈ ಮನೆಯವರೂ ಟ್ಯಾಂಕರಿಗೆ ಕಾದರು. ಆದರೆ ಉಳಿದವರಿಗಿಂತ ತಡವಾಗಿ, ಉಳಿದವರಿಗಿಂತ ಕಡಿಮೆ.

ಸ್ನಾನದ, ಬಟ್ಟೆಯ ನೀರು ದಕ್ಷಿಣದ ತೋಟಕ್ಕೆ. ಅಲ್ಲೊಂದು ಉದ್ದನೆಯ ಕಾಲುವೆಯಂಥ ತೊಟ್ಟಿ, ಜಲ್ಲಿ ತುಂಬಿ ಕಾಬಾಳೆ, ಜೊಂಡು ನೆಟ್ಟಿದ್ದಾರೆ. ಬೇರುಗಳ ನಡುವೆ ನಿಧಾನವಾಗಿ ಸಾಗುವಾಗ ಸೋಪಿನ ಅಂಶ ಬಹುಪಾಲು ಕಳೆಯುತ್ತದೆ. ಇನ್ನೊಂದು ತುದಿಯಲ್ಲಿ ಹೊರಬಂದ ನೀರು ಬಾಳೆ, ಪರಂಗಿ, ನುಗ್ಗೆಯ ಬುಡಕ್ಕೆ. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಹಿಡಿದಿಟ್ಟರೆ ನಾರುತ್ತದೆ, ಅಂದಿನದು ಅಂದೇ ನೆಲಕ್ಕೆ ಹೋಗಬೇಕು. ಅಡುಗೆಮನೆಯ ಜಿಡ್ಡಿನ ನೀರನ್ನು ಇದಕ್ಕೆ ಸೇರಿಸಿಲ್ಲ. ಅಜ್ಜಿ ತಲೆಗೆ ಸೀಗೆಕಾಯಿ ಬಿಟ್ಟು ಬೇರೆ ಮುಟ್ಟಿಲ್ಲ. ರೇಷ್ಮೆ ಸೀರೆಗೆ ಅಂಟುವಾಳ. ಅವರ ಸ್ನಾನದ ನೀರಿಗೆ ಸೋಸುವ ತೊಟ್ಟಿಯೇ ಬೇಡವೆಂದು ಮೊಮ್ಮಗಳು ಹೇಳುತ್ತಾಳೆ. ಅವಳೂ ಈಗ ಸೀಗೆಕಾಯಿಗೆ ಬಂದಿದ್ದಾಳೆ.

ಅಜ್ಜಿ ಕೋಲಾರದ ಮುಳಬಾಗಿಲು ಕಡೆಯವರು. ತುಂಬಿ ಹರಿಯುವ ಹೊಳೆಯಿಲ್ಲದ ಸೀಮೆ ಅದು. ಕೆರೆ, ಕುಂಟೆ, ಕಲ್ಯಾಣಿಗಳ ನೀರಿನಲ್ಲೇ ಬದುಕಿದ ಜನ. ಏತ ಹೊಡೆದು ರಾಗಿ ಪೈರಿಗೆ ನೀರು ಹಾಯಿಸಿದ್ದನ್ನು ಕಂಡವರು, ಅದೇ ಊರಿನಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಬರೀ ದೂಳು ಉಗುಳಿದ್ದನ್ನೂ ಕಂಡವರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರಿದ್ದಾರೆ, ಆ ಶುದ್ಧೀಕರಣ ಸಾಲದೆಂದು ಹೋರಾಡುತ್ತಿರುವವರೂ ಇದ್ದಾರೆ. ಅವರ ಆತಂಕ ಸಕಾರಣವಾದದ್ದು. “ಬೆಂಗಳೂರಿನೋರು ಸೋಪು ಕಮ್ಮಿ ಹಾಕಿದ್ರೆ ನಮ್ಮೂರ ಕೆರೆಗೆ ಅಷ್ಟು ಒಳ್ಳೇದು” ಎಂದು ಅಜ್ಜಿ ಒಮ್ಮೆ ಹೇಳಿದರು. ಬಚ್ಚಲಿನಿಂದ ಕೆರೆಯವರೆಗೆ ನೀರಿನ ದಾರಿಯನ್ನು ಕಣ್ಣಮುಂದೆ ಇಟ್ಟುಕೊಂಡ ಮಾತು. ಇಷ್ಟು ತಿಳಿದವರು ಮನೆಯಲ್ಲಿ ಇರುವಾಗ ಅವರನ್ನು ಹಿಂದಿನ ಕೋಣೆಯಲ್ಲಿ ಕೂರಿಸುವುದು ಎಂಥ ನಷ್ಟ!

ತೋಟದ ಮನೆಯೆಂದರೆ ಹುಲ್ಲುಹಾಸು ಎಂದುಕೊಂಡವರು ಬಹಳ. ಜಾಹೀರಾತುಗಳಲ್ಲಿ ಕಾಣುವ ಆ ಹಸಿರು ಬೇಸಿಗೆಯಲ್ಲಿ ದಿನವೂ ನೀರು ಕುಡಿಯುತ್ತದೆ, ಯಾರ ಕೈಗೂ ಒಂದು ಕಾಯಿ ಕೊಡುವುದಿಲ್ಲ. ಇಲ್ಲಿ ಹುಲ್ಲಿನ ಬದಲು ಉದುರಿದೆಲೆಯ ಹೊದಿಕೆ. ಅಡುಗೆಮನೆಯ ಸಿಪ್ಪೆ ಮೂರು ಮಣ್ಣಿನ ಮಡಕೆಗಳಲ್ಲಿ ಒಂದರಮೇಲೊಂದು ಕೊಳೆತು ಎರಡು ಮೂರು ತಿಂಗಳಿಗೆ ಗೊಬ್ಬರವಾಗಿ ಮಡಿಗೆ ಇಳಿಯುತ್ತದೆ. ಇಳಿಸುವುದು ಮೊಮ್ಮಗಳ ಭಾನುವಾರದ ಕೆಲಸ. ಮಡಕೆ ಕಪಾಟಿನ ಎತ್ತರದಲ್ಲಿದೆ, ಸೊಂಟ ಬಗ್ಗಿಸಬೇಕಿಲ್ಲ. ಬಿಸಿನೀರಿಗೆ ತಾರಸಿಯ ಮೇಲೆ ಸೋಲಾರ್. ಮೋಡ ಕವಿದ ದಿನ ಅಜ್ಜಿಗೆ ಮೊದಲು, ಉಳಿದವರಿಗೆ ಆಮೇಲೆ.

ಹತ್ತು ಗಂಟೆಯ ಬಿಸಿಲು ಜಗಲಿಯ ಅರ್ಧಕ್ಕೆ ಬಂದಿದೆ. ಬಸ್ಸಾರಿನ ಒಗ್ಗರಣೆಗೆ ಬೆಳ್ಳುಳ್ಳಿ ಸಿಡಿದ ವಾಸನೆ ಕಿಟಕಿಯಿಂದ ಹೊರಗೆ ಬಂತು. ಅಳಿಯ ಟೇಪು ಹಿಡಿದು ಮುಂದಿನ ತೋಟಕ್ಕೆ ಇಳಿದಿದ್ದಾರೆ. ವಾರದಿಂದ ಒಂದು ವಾದ ನಡೆದಿದೆ. ಅಜ್ಜಿಗೆ ಹಲಸಿನ ಗಿಡ ಬೇಕು.

“ಅಜ್ಜಿ, ಹಲಸಿಗೆ ಮೂವತ್ತಡಿ ಬೇಕಾಗುತ್ತೆ. ಬೇರು ಪಾಯಕ್ಕೆ ಬರುತ್ತೆ, ಸಂಪಿಗೂ ಬರುತ್ತೆ.”

“ನಮ್ಮನೇಲಿ ಹಿತ್ಲಲ್ಲಿ ಇರ್ಲಿಲ್ವೇನಪ್ಪ?”

“ಅಲ್ಲಿ ಹಿತ್ಲೇ ಅರ್ಧ ಎಕರೆ ಇತ್ತಲ್ಲ ಅಮ್ಮ” ಎಂದರು ಯಜಮಾನರು, ಸೋಸುಕದ ಮುಚ್ಚಳ ತಿರುಗಿಸುತ್ತ.

ಕಿಟಕಿಯಿಂದ ಸೊಸೆ ದನಿ ಸೇರಿಸಿದರು. ಅವರ ಶಾಲೆಯ ಹಿಂದೆ ಖಾಲಿ ಜಾಗವಿದೆ, ಹಲಸು ಅಲ್ಲಿಗೆ ಬರಲಿ. ಮಕ್ಕಳು ನೀರು ಹಾಕುತ್ತಾರೆ. ಇಲ್ಲಿಗೆ ನೆಲ್ಲಿ ಸಾಕು. ಅಜ್ಜಿ ಸ್ವಲ್ಪ ಹೊತ್ತು ಸೊಪ್ಪಿನ ಕಡ್ಡಿ ಮುರಿಯುತ್ತ ಯೋಚಿಸಿದರು. ಹಲಸು ಬಿಟ್ಟುಕೊಟ್ಟರು, ಜಾಗ ಬಿಟ್ಟುಕೊಡಲಿಲ್ಲ.

“ನೆಲ್ಲಿ ಅಂದ್ರೆ ಬಾವಿ ಹತ್ರಾನೇ ಇಡ್ಬೇಕು. ನೆಲ್ಲಿ ಇದ್ದ ಕಡೆ ನೀರು ಸಿಹಿ.”

ಅಳಿಯ ಬಾವಿಕಟ್ಟೆಗೆ ಟೇಪಿನ ತುದಿ ಒತ್ತಿ ಹಿಡಿಯಲು ಮಗುವಿಗೆ ಹೇಳಿ, ಹಿಂದಕ್ಕೆ ಹೆಜ್ಜೆಯಿಟ್ಟರು. ಹತ್ತಡಿಗೆ ಕಡ್ಡಿ ನೆಟ್ಟರು. ಅಜ್ಜಿ ಜಗಲಿಯಿಂದಲೇ ನೋಡಿ, ಇನ್ನೆರಡಡಿ ಗೇಟಿನ ಕಡೆ ಸರಿಸಿ, ಕಾಯಿ ಬಿಟ್ಟಾಗ ಇಳಿಜಾರಿನಲ್ಲಿ ನಿಂತೇ ಕೀಳುವ ಹಾಗಿರಲಿ ಎಂದರು. ಕಡ್ಡಿ ಸರಿಯಿತು. ಮಳೆಗಾಲ ಮುಗಿಯುವುದರೊಳಗೆ ಎರಡಡಿಯ ಗುಂಡಿ ತೆಗೆಯುವುದು, ಭಾನುವಾರ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ.ಗೆ ಹೋಗಿ ಕಸಿ ಗಿಡ ತರುವುದು ಎಂದು ತೀರ್ಮಾನವಾಯಿತು. ಗುಂಡಿಗೆ ಯಾವ ಮಡಕೆಯ ಗೊಬ್ಬರ ಎಂಬ ಮಾತು ಶುರುವಾಗಿತ್ತು.